ಗ್ರೀಸ್ ಹೋಗುತ್ತಿಲ್ಲ ಎಂದರೆ ಇನ್ನೂ ಜೋರಾಗಿ ಒತ್ತಬೇಕೆ? ಕಟ್ಟಿಕೊಂಡ ನಿಪ್ಪಲ್ ಹಿಂದಿನ ವಿಜ್ಞಾನ

ರೋಟವೇಟರ್ ಶಾಫ್ಟಿನ ನಿಪ್ಪಲ್‌ಗೆ ಗ್ರೀಸ್ ಗನ್ ಸಿಕ್ಕಿಸಿ ಹಿಡಿಕೆ ಒತ್ತುತ್ತೀರಿ. ಹಿಡಿಕೆ ಕಲ್ಲಿನಂತೆ ನಿಂತುಬಿಡುತ್ತದೆ. ಇಲ್ಲವೇ ಗ್ರೀಸ್ ಒಳಗೆ ಹೋಗುವ ಬದಲು ನಿಪ್ಪಲ್ ಸುತ್ತಲಿಂದ ಉಕ್ಕಿ ಬರುತ್ತದೆ. ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಇದು ಹೊಸದೇನಲ್ಲ. ಆಗ ಪಕ್ಕದಲ್ಲಿ ನಿಂತವರಿಂದ ಬರುವ ಸಲಹೆಗಳೂ ಹೊಸವಲ್ಲ: ‘ಇನ್ನೂ ಜೋರಾಗಿ ಒತ್ತು’, ‘ಸ್ವಲ್ಪ ಬೆಂಕಿ ತೋರಿಸು’, ‘ಸುತ್ತಿಗೆಯಲ್ಲಿ ಎರಡು ಕೊಡು’, ‘ಹೊರಗೆ ಗ್ರೀಸ್ ಕಾಣ್ತಿದೆಯಲ್ಲ, ಹೋಗಿದೆ ಬಿಡು’.

ಈ ನಾಲ್ಕರಲ್ಲಿ ಕೊನೆಯದು ಬೇರಿಂಗನ್ನು ಹಾಳು ಮಾಡುತ್ತದೆ. ಮೊದಲನೆಯದು ಕೈಬೆರಳನ್ನೇ ತೆಗೆಯಬಹುದು. ಇದು ಹೆದರಿಸಲು ಹೇಳುವ ಮಾತಲ್ಲ, ಮುಂದೆ ವಿವರವಾಗಿ ನೋಡೋಣ. ಅದಕ್ಕೂ ಮೊದಲು ಗ್ರೀಸ್ ಯಾಕೆ ಹೋಗುವುದಿಲ್ಲ ಎನ್ನುವುದನ್ನು ಅರ್ಥ ಮಾಡಿಕೊಳ್ಳಬೇಕು. ಯಾಕೆಂದರೆ ನಿಪ್ಪಲ್ ಕಟ್ಟಿಕೊಂಡಿದೆ ಎಂದು ನಾವು ಅಂದುಕೊಳ್ಳುವ ಎಷ್ಟೋ ಸಲ ನಿಪ್ಪಲ್ ಸರಿಯಾಗಿಯೇ ಇರುತ್ತದೆ. ಅಡ್ಡಿ ಇರುವುದು ಅದರ ಹಿಂದೆ, ಇಲ್ಲವೇ ನಿಮ್ಮ ಕೈಯಲ್ಲಿರುವ ಗನ್ನಿನಲ್ಲಿ.

ನಿಪ್ಪಲ್ ಒಳಗೆ ಏನಿದೆ?

ಹೆಚ್ಚೇನಿಲ್ಲ. ಒಂದು ಪುಟ್ಟ ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗ್. ಗನ್ನಿನ ಒತ್ತಡ ಬಂದಾಗ ಗುಂಡು ಹಿಂದೆ ಸರಿದು ದಾರಿ ಬಿಡುತ್ತದೆ. ಒತ್ತಡ ನಿಂತರೆ ಸ್ಪ್ರಿಂಗ್ ಗುಂಡನ್ನು ಮತ್ತೆ ಬಾಯಿಗೆ ತಂದು ಮುಚ್ಚುತ್ತದೆ. ಒಳಗೆ ಹೋದ ಗ್ರೀಸ್ ವಾಪಸು ಬರುವುದಿಲ್ಲ, ಹೊರಗಿನ ದೂಳು ಸುಲಭವಾಗಿ ಒಳಗೆ ಹೋಗುವುದಿಲ್ಲ. ಇದಕ್ಕಿಂತ ಹಿಂದೆ ಯಂತ್ರಗಳ ಮೇಲೆ ಗ್ರೀಸ್ ತುಂಬಿದ ಸಣ್ಣ ಬಟ್ಟಲುಗಳಿರುತ್ತಿದ್ದವು. ಅವುಗಳ ಮುಚ್ಚಳವನ್ನು ಆಗಾಗ ತಿರುಗಿಸಿ ಗ್ರೀಸನ್ನು ಒಳಗೆ ಒತ್ತಬೇಕಿತ್ತು. ಇಂದಿನ ರೂಪದ ನಿಪ್ಪಲ್ 1920ರ ದಶಕದ್ದು. ಅದರ ಹಿಂದಿರುವ ಹೆಸರು ಆಸ್ಟ್ರಿಯಾ ಮೂಲದ ಆಸ್ಕರ್ ಜರ್ಕ್ ಅವರದ್ದು. ಅಮೆರಿಕದಲ್ಲಿ ಇದನ್ನು ಇವತ್ತಿಗೂ ‘ಜರ್ಕ್’ ಎಂದೇ ಕರೆಯುತ್ತಾರೆ.

ನಿಪ್ಪಲ್ ದಾಟಿದ ಗ್ರೀಸ್ ಒಂದು ಸಣ್ಣ ಕೊರೆದ ದಾರಿಯಲ್ಲಿ ಸಾಗಿ ಪಿನ್ ಮತ್ತು ಬುಷ್ ನಡುವಿನ ಕೂದಲೆಳೆಯಷ್ಟು ಜಾಗವನ್ನು ತಲುಪಬೇಕು. ಅಲ್ಲಿ ಹಳೆಯ ಗ್ರೀಸನ್ನು ತಳ್ಳಿಕೊಂಡು ಅಂಚಿನಿಂದ ಹೊರಗೆ ಇಣುಕಬೇಕು. ಹೊಸ ಗ್ರೀಸ್ ಕಾಣಬೇಕಾದ ಜಾಗ ಅದು, ನಿಪ್ಪಲ್ಲಿನ ಬುಡವಲ್ಲ. ನಿಪ್ಪಲ್ ಸುತ್ತ ಕಾಣುವ ಗ್ರೀಸ್ ‘ನಾನು ಒಳಗೆ ಹೋಗಲಿಲ್ಲ’ ಎಂದು ಹೇಳುತ್ತಿರುತ್ತದೆ. ನಾವು ಅದನ್ನು ತದ್ವಿರುದ್ಧವಾಗಿ ಓದಿಕೊಳ್ಳುತ್ತೇವೆ.

ಮೆತ್ತಗಿದ್ದ ಗ್ರೀಸ್ ಗಟ್ಟಿಯಾಗುವುದು ಹೇಗೆ?

ಗ್ರೀಸ್ ಎಂದರೆ ದಪ್ಪಗಿನ ಎಣ್ಣೆ ಎಂಬುದು ಸಾಮಾನ್ಯ ತಿಳಿವಳಿಕೆ. ಸರಿಯಾಗಿ ಹೇಳಬೇಕೆಂದರೆ ಅದು ಎಣ್ಣೆಯನ್ನು ಹಿಡಿದಿಟ್ಟುಕೊಂಡ ಒಂದು ಬಗೆಯ ಸೋಪು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಗ್ರೀಸ್‌ಗಳಲ್ಲಿ ಲಿಥಿಯಂ ಅಥವಾ ಕ್ಯಾಲ್ಸಿಯಂ ಸೋಪಿನ ಸಣ್ಣ ಸಣ್ಣ ಎಳೆಗಳಿರುತ್ತವೆ. ಆ ಎಳೆಗಳ ಜಾಲದ ನಡುವೆ ಎಣ್ಣೆ ಸಿಕ್ಕಿಕೊಂಡಿರುತ್ತದೆ. ದೀಪದ ಬತ್ತಿ ಎಣ್ಣೆ ಹಿಡಿದುಕೊಂಡಂತೆ ಎಂದು ಊಹಿಸಿಕೊಳ್ಳಿ. ಜಾರಿಸುವ ಕೆಲಸ ಮುಖ್ಯವಾಗಿ ಎಣ್ಣೆಯದ್ದು. ಅದು ಒಂದೇ ಸಲ ಹರಿದುಹೋಗದಂತೆ ಹಿಡಿದು, ಬೇಕಾದಾಗ ಸ್ವಲ್ಪ ಸ್ವಲ್ಪವೇ ಬಿಡುವುದು ಸೋಪಿನ ಕೆಲಸ.

ಎಣ್ಣೆ ಹೋಗಿ ಬತ್ತಿ ಮಾತ್ರ ಉಳಿದರೆ? ಅದೇ ಆಗುವುದು. ಬಿಸಿಲಲ್ಲಿ ತಿಂಗಳುಗಟ್ಟಲೆ ನಿಂತ ಉಪಕರಣದಲ್ಲಿ ಎಣ್ಣೆ ನಿಧಾನಕ್ಕೆ ಬಸಿದುಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತದೆ, ಕೊನೆಗೆ ಮೇಣದಂತೆ ಗಟ್ಟಿಯಾಗುತ್ತದೆ. ಇದಕ್ಕೆ ಮಣ್ಣು ಸೇರಿದರೆ ಕೇಳುವುದೇ ಬೇಡ. ಗಂಗಾವತಿ, ಸಿಂಧನೂರು, ಮಂಡ್ಯದ ಕಡೆಯ ಭತ್ತದ ಗದ್ದೆಗಳಲ್ಲಿ ನಾಟಿಗೆ ಮೊದಲು ಕೇಜ್ ವೀಲ್ ಹಾಕಿ ಕೆಸರು ಮಾಡುವಾಗ ಮುಂದಿನ ಆಕ್ಸಲ್ಲಿನ ಕೀಲುಗಳು, ಉಪಕರಣ ಎತ್ತುವ ತೋಳುಗಳು ಇಡೀ ದಿನ ಕೆಸರು ನೀರಿನಲ್ಲೇ ಇರುತ್ತವೆ. ಎರೆಮಣ್ಣಿನ ಬಯಲಿನಲ್ಲಿ ನೀರಿನ ಬದಲು ನುಣ್ಣನೆಯ ದೂಳು. ನಿಪ್ಪಲ್ ತಲೆಯ ಮೇಲೆ ಕುಳಿತ ಆ ಮಣ್ಣನ್ನು ಒರೆಸದೆ ಗನ್ ಸಿಕ್ಕಿಸಿದರೆ, ಮೊದಲ ಒತ್ತಿಗೆ ಒಳಗೆ ಹೋಗುವುದು ಗ್ರೀಸ್ ಅಲ್ಲ, ಮಣ್ಣು. ನಿಪ್ಪಲ್ ಕಟ್ಟಿಕೊಳ್ಳುವುದಕ್ಕೆ ನಾವೇ ಕೊಡುವ ಮುಖ್ಯ ಕಾರಣ ಇದು. ತಪ್ಪಿಸಲು ಬೇಕಾಗುವುದು ಒಂದು ಹಳೆ ಬಟ್ಟೆ ಮಾತ್ರ.

ಇನ್ನೊಂದು ಕಾರಣ ಗ್ರೀಸ್ ಬೆರಕೆ. ‘ಗ್ರೀಸ್ ಎಲ್ಲಾ ಒಂದೇ, ಬಣ್ಣ ಬೇರೆ ಅಷ್ಟೆ’ ಎನ್ನುವವರಿದ್ದಾರೆ. ‘ಕೆಂಪು ಗ್ರೀಸ್‌ಗೆ ಕೆಂಪೇ ಹಾಕಬೇಕು’ ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಬಣ್ಣ ಸಾಮಾನ್ಯವಾಗಿ ತಯಾರಕರು ಸೇರಿಸಿದ್ದು, ಅದರಿಂದ ಗುಣ ಗೊತ್ತಾಗುವುದಿಲ್ಲ. ನೋಡಬೇಕಾದದ್ದು ಡಬ್ಬದ ಮೇಲೆ ಬರೆದಿರುವ ಆಧಾರ ವಸ್ತು. ಲಿಥಿಯಂ ಸೋಪಿನ ಗ್ರೀಸ್ ಇದ್ದ ಜಾಗಕ್ಕೆ ಬೆಂಟೊನೈಟ್ ಜೇಡಿಯ ಅಥವಾ ಪಾಲಿಯೂರಿಯಾ ಆಧಾರದ ಗ್ರೀಸ್ ತುಂಬಿದರೆ ಎರಡೂ ಹೊಂದಿಕೊಳ್ಳದೆ, ಒಂದೋ ನೀರಾಗಿ ಹರಿದುಹೋಗಬಹುದು, ಇಲ್ಲವೇ ಗಟ್ಟಿಯಾಗಬಹುದು. ಜೊತೆಗೆ ಗ್ರೀಸ್ ಎಷ್ಟು ಗಟ್ಟಿ ಎಂಬುದಕ್ಕೂ ದರ್ಜೆಗಳಿವೆ. ಟ್ರ್ಯಾಕ್ಟರ್ ಕೈಪಿಡಿಗಳು ಸಾಮಾನ್ಯವಾಗಿ ಕೇಳುವುದು ‘ಎನ್‌ಎಲ್‌ಜಿಐ 2’ ಎಂಬ ದರ್ಜೆಯನ್ನು.

‘ಜೋರಾಗಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ’

ಸ್ವಲ್ಪ ಲೆಕ್ಕ ಮಾಡೋಣ. ಗ್ರೀಸ್ ಗನ್ನಿನ ಒಳಗೆ ಗ್ರೀಸ್ ತಳ್ಳುವ ಸಣ್ಣ ಪಿಸ್ಟನ್ 8 ಮಿಲಿಮೀಟರ್ ದಪ್ಪ ಇದೆ ಎಂದುಕೊಳ್ಳಿ. ಅದರ ಮುಖದ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರ್. ಹಿಡಿಕೆಯ ಮೇಲೆ ನೀವು 15 ಕೆ.ಜಿ. ಬಲ ಹಾಕಿದರೆ, ಹಿಡಿಕೆ ಅದನ್ನು 15 ಪಟ್ಟು ಹೆಚ್ಚಿಸಿದರೆ, ಪಿಸ್ಟನ್ ಮೇಲೆ ಬೀಳುವುದು 225 ಕೆ.ಜಿ. ಅಂದರೆ ಚದರ ಸೆಂಟಿಮೀಟರಿಗೆ 450 ಕೆ.ಜಿ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಇದು ಸುಮಾರು 200 ಪಟ್ಟು. ಒಬ್ಬ ಹುಡುಗನೂ ಒಂದೇ ಕೈಯಲ್ಲಿ ಹುಟ್ಟಿಸಬಹುದಾದ ಒತ್ತಡ ಇದು.

ಇಷ್ಟು ಒತ್ತಡಕ್ಕೂ ಬಿಟ್ಟುಕೊಳ್ಳದ್ದು ಇನ್ನಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೆಯೇ? ಕೆಲವೊಮ್ಮೆ ಹೌದು. ಆದರೆ ಒತ್ತಿಹಿಡಿದಷ್ಟೂ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಪುಡಿಯನ್ನು ಜಾಸ್ತಿ ಅದುಮಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಗ್ರೀಸಿನಲ್ಲೂ ಹಾಗೆಯೇ: ಸಣ್ಣ ದಾರಿಯಲ್ಲಿ ಮುಂದೆ ಹೋಗಲಾಗದ ಗ್ರೀಸನ್ನು ಒತ್ತಿ ಹಿಡಿದಷ್ಟೂ ಅದರೊಳಗಿನ ಎಣ್ಣೆ ಮಾತ್ರ ಸೋರಿ ಹೋಗುತ್ತದೆ, ಸೋಪು ಅಲ್ಲೇ ಉಳಿದು ಬಿರಡೆಯಂತೆ ಇನ್ನಷ್ಟು ಬಿಗಿಯಾಗುತ್ತದೆ. ಎರಡು ಮೂರು ಸಲ ಒತ್ತಿದರೂ ಹೋಗಲಿಲ್ಲ ಎಂದರೆ ಅಲ್ಲಿಗೆ ಒತ್ತುವುದನ್ನು ನಿಲ್ಲಿಸಬೇಕು ಎನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು.

ಸೂಜಿ ಚುಚ್ಚಿದಷ್ಟೇ ಗಾಯ, ಆದರೆ ಆಪರೇಷನ್

ಸವೆದ ಕಪ್ಲರ್, ಬಿರುಕು ಬಿಟ್ಟ ಪೈಪು, ಸರಿಯಾಗಿ ಕೂರದ ನಿಪ್ಪಲ್, ಇವುಗಳಲ್ಲಿ ಯಾವುದರಿಂದಲಾದರೂ ಗ್ರೀಸ್ ಎಳೆಯಂತೆ ಚಿಮ್ಮಬಹುದು. ಚರ್ಮ ತೂರಿಹೋಗಲು ಬೇಕಾಗುವುದು ಚದರ ಸೆಂಟಿಮೀಟರಿಗೆ ಸುಮಾರು 7 ಕೆ.ಜಿ. ಒತ್ತಡ. ಗನ್ನಿನಲ್ಲಿ ಇರುವುದು ಅದರ ಹತ್ತಾರು ಪಟ್ಟು. ಸಾಮಾನ್ಯವಾಗಿ ಪೆಟ್ಟಾಗುವುದು ಗನ್ನಿನ ಬಾಯನ್ನು ನಿಪ್ಪಲ್ ಮೇಲೆ ಹಿಡಿದುಕೊಂಡ ಕೈಗೆ, ಬಲಗೈ ಬಳಸುವವರಾದರೆ ಎಡಗೈಯ ತೋರುಬೆರಳಿಗೆ.

ಇಲ್ಲಿ ಮೋಸ ಹೋಗುವುದು ಸುಲಭ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ರಕ್ತವೂ ಹೆಚ್ಚು ಬರುವುದಿಲ್ಲ. ಮೊದಲ ಕೆಲವು ಗಂಟೆ ನೋವೂ ಅಷ್ಟಾಗಿ ಇರದೆ ಹೋಗಬಹುದು. ಅರಿಶಿಣ ಹಚ್ಚಿ ಬಟ್ಟೆ ಕಟ್ಟಿ ಕೆಲಸ ಮುಂದುವರಿಸುವುದು, ಸಂಜೆ ಒಂದು ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳುವುದು, ಇಷ್ಟಕ್ಕೇ ಬಿಡುವುದು ಸಹಜ. ಆದರೆ ಚರ್ಮದ ಒಳಗೆ ಗ್ರೀಸ್ ನರ ಮತ್ತು ಸ್ನಾಯುರಜ್ಜುಗಳ ಪಕ್ಕದ ದಾರಿಯಲ್ಲಿ ಬೆರಳಿನುದ್ದಕ್ಕೂ, ಕೆಲವೊಮ್ಮೆ ಅಂಗೈವರೆಗೂ ಹರಡಿರುತ್ತದೆ. ಒಳಗಿನ ಊತದಿಂದ ರಕ್ತ ಓಡಾಟ ನಿಲ್ಲುತ್ತದೆ, ಗ್ರೀಸಿನಲ್ಲಿರುವ ರಾಸಾಯನಿಕಗಳು ಅಂಗಾಂಶವನ್ನು ಕೆರಳಿಸುತ್ತವೆ, ಸೋಂಕು ಸೇರಿಕೊಳ್ಳುತ್ತದೆ. ಗ್ರೀಸ್, ಪೇಂಟ್, ಹೈಡ್ರಾಲಿಕ್ ಎಣ್ಣೆ ಮೊದಲಾದವು ಒತ್ತಡದಿಂದ ಕೈಗೆ ನುಗ್ಗಿದ 435 ಪ್ರಕರಣಗಳನ್ನು ಒಟ್ಟಿಗೆ ನೋಡಿದ 2006ರ ಒಂದು ವೈದ್ಯಕೀಯ ವಿಶ್ಲೇಷಣೆಯಲ್ಲಿ ಸುಮಾರು ಶೇ. 30ರಷ್ಟು ಪ್ರಕರಣಗಳು ಬೆರಳು ಅಥವಾ ಅದರ ಭಾಗ ಕತ್ತರಿಸುವುದರಲ್ಲಿ ಕೊನೆಗೊಂಡಿದ್ದವು.

ಹೀಗಾದರೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡುವ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ನೋವು ಬರಲಿ ಎಂದು ಕಾಯಬಾರದು. ಗಾಯವನ್ನು ಹಿಂಡಿ ಗ್ರೀಸ್ ತೆಗೆಯಲು ಹೋಗಬಾರದು. ಮಂಜುಗಡ್ಡೆ ಇಡಬಾರದು, ಏಕೆಂದರೆ ಮೊದಲೇ ಕಡಿಮೆಯಾದ ರಕ್ತದ ಓಡಾಟ ಇನ್ನೂ ಕುಗ್ಗುತ್ತದೆ. ಅರಿವಳಿಕೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ, ತಿಂಡಿ ಬೇಡ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮುಖ್ಯವಾಗಿ, ‘ಏನೋ ಚುಚ್ಚಿತು’ ಎನ್ನದೆ ‘ಗ್ರೀಸ್ ಗನ್ನಿನ ಒತ್ತಡದಲ್ಲಿ ಗ್ರೀಸ್ ಒಳಗೆ ನುಗ್ಗಿದೆ’ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ಹೊರಗಿನ ಗಾಯ ಅಷ್ಟು ಚಿಕ್ಕದಿರುವುದರಿಂದ ಈ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು. ಗ್ರೀಸ್ ಡಬ್ಬದ ಚೀಟಿಯ ಫೋಟೊ ಇದ್ದರೆ ತೋರಿಸಿ.

ಕೈಗವಸು ಹಾಕಿದ್ದೇನಲ್ಲ ಎಂಬ ಧೈರ್ಯವೂ ಬೇಡ. ಕೈಗವಸು ಕೊಳೆ ತಡೆಯುತ್ತದೆ, ಈ ಒತ್ತಡವನ್ನಲ್ಲ. ಪೈಪಿನಲ್ಲಿ ಸೋರಿಕೆ ಇದೆಯೇ ಎಂದು ಬೆರಳಾಡಿಸಿ ನೋಡಬೇಡಿ, ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಹಾಗಾದರೆ ಅಡ್ಡಿ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಉಪಕರಣವನ್ನು ನೆಲಕ್ಕಿಳಿಸಿದ ಮೇಲೆ ಈ ಕೆಲಸ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಪಂಚೆ, ಟವೆಲ್ ಅಥವಾ ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಮೊದಲು ಅನುಮಾನಿಸಬೇಕಾದದ್ದು ಗನ್ನನ್ನು. ಅದನ್ನು ಯಾವುದಕ್ಕೂ ಸಿಕ್ಕಿಸದೆ, ಬಾಯನ್ನು ನೆಲದ ಕಡೆ ಮಾಡಿ ಒತ್ತಿ ನೋಡಿ. ಗ್ರೀಸ್ ಬರುತ್ತಿಲ್ಲವೆಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಹೊಸದಾಗಿ ಗ್ರೀಸ್ ತುಂಬಿದಾಗ ಇದು ಸಾಮಾನ್ಯ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಇಲ್ಲವಾದರೆ ಮುಂದಿನ ತಲೆಯನ್ನು ಸ್ವಲ್ಪ ಬಿಚ್ಚಿ ಒತ್ತಿದರೆ ಗಾಳಿ ಹೋಗುತ್ತದೆ. ಗ್ರೀಸ್ ಬರುತ್ತಿದೆ ಎಂದಾದರೆ, ಅದೇ ಗನ್ನನ್ನು ಸರಿಯಾಗಿರುವ ಇನ್ನೊಂದು ನಿಪ್ಪಲ್‌ಗೆ ಸಿಕ್ಕಿಸಿ. ಅಲ್ಲಿಯೂ ಸುತ್ತಲಿಂದ ಉಕ್ಕಿದರೆ ಕಪ್ಲರ್ ಒಳಗಿನ ಹಲ್ಲುಗಳು ಸವೆದಿವೆ. ಕಪ್ಲರ್ ಬದಲಿಸಿ, ನಿಪ್ಪಲ್ ಮೇಲೆ ಸಿಟ್ಟು ಬೇಡ.

ಗನ್ ಸರಿಯಿದೆ ಎಂದಾದ ಮೇಲೆ ನಿಪ್ಪಲ್ ಸರದಿ. ತಲೆ ಒರೆಸಿ, ಸಣ್ಣ ಮೊಳೆಯ ತುದಿಯಿಂದ ಗುಂಡನ್ನು ಮೆಲ್ಲಗೆ ಒತ್ತಿ. ಒಳಗೆ ಹೋಗಿ ಪುಟಿದು ಬಂದರೆ ಅದು ಬದುಕಿದೆ. ಅಂಟಿಕೊಂಡಿದ್ದರೆ ಒಂದೆರಡು ಹನಿ ಡೀಸೆಲ್ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಆದರೂ ಆಗದಿದ್ದರೆ ಸ್ಪ್ಯಾನರಿನಿಂದ ನಿಪ್ಪಲ್ಲನ್ನೇ ಬಿಚ್ಚಿ. ಇಲ್ಲೊಂದು ಎಚ್ಚರ: ಈಗಷ್ಟೇ ಜೋರಾಗಿ ಒತ್ತಿದ್ದರೆ ಗುಂಡಿನ ಹಿಂದೆ ಒತ್ತಡ ಸಿಕ್ಕಿಕೊಂಡಿರುತ್ತದೆ. ಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖ ದೂರ ಇಟ್ಟು, ಅರ್ಧರ್ಧ ಸುತ್ತೇ ಸಡಿಲಿಸಬೇಕು.

ಬಿಚ್ಚಿದ ನಿಪ್ಪಲ್ಲನ್ನು ಇಕ್ಕಳದಲ್ಲಿ ಹಿಡಿದು ಗನ್ ಸಿಕ್ಕಿಸಿ ಒಮ್ಮೆ ಒತ್ತಿ. ಇಡೀ ಹುಡುಕಾಟದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ ಇದೇ. ಗ್ರೀಸ್ ದಾಟಲಿಲ್ಲವೆಂದರೆ ನಿಪ್ಪಲ್ ಹಾಳು. ತೊಳೆಯುತ್ತ ಕೂರುವುದಕ್ಕಿಂತ ಅದೇ ಅಳತೆಯ, ಅದೇ ಮರೆಯ ಹೊಸದನ್ನು ತರುವುದು ಮೇಲು, ಬಿಡಿಭಾಗದ ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವ ವಸ್ತುಗಳಲ್ಲಿ ಅದೂ ಒಂದು. ಹಳೆಯದನ್ನು ಜೊತೆಗೆ ಒಯ್ಯಿರಿ, ಏಕೆಂದರೆ ನೋಡಲು ಒಂದೇ ರೀತಿ ಇರುವ ನಿಪ್ಪಲ್‌ಗಳ ಮರೆ ಬೇರೆ ಬೇರೆ ಇರುತ್ತದೆ. ಗ್ರೀಸ್ ಸರಾಗವಾಗಿ ದಾಟಿತೆಂದರೆ ನಿಪ್ಪಲ್ ನಿರಪರಾಧಿ. ಅಡ್ಡಿ ಒಳಗಿನ ದಾರಿಯಲ್ಲಿದೆ.

ಭಾರ ಇಳಿಸಿ ನೋಡಿ

ಒಳಗಿನ ದಾರಿ ಎಂದ ಕೂಡಲೇ ತಂತಿ, ಡೀಸೆಲ್ ನೆನಪಾಗುತ್ತದೆ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಉಪಾಯವಿದೆ. ಟ್ರ್ಯಾಕ್ಟರಿನ ಮುಂಭಾಗದ ಇಡೀ ತೂಕ ಆಕ್ಸಲ್ ಮಧ್ಯದ ಪಿನ್ ಮತ್ತು ಎರಡು ಬದಿಯ ಕಿಂಗ್ ಪಿನ್‌ಗಳ ಮೇಲೆ ಕೂತಿರುತ್ತದೆ. ಆ ಭಾರಕ್ಕೆ ಪಿನ್ ಬುಷ್‌ನ ಒಂದು ಬದಿಗೆ ಒತ್ತಿಕೊಂಡು, ಗ್ರೀಸ್ ಬರುವ ರಂಧ್ರವೇ ಮುಚ್ಚಿಹೋಗಿರಬಹುದು. ಆಗ ಕಟ್ಟಿಕೊಂಡದ್ದು ಏನೂ ಇರುವುದಿಲ್ಲ, ಜಾಗವೇ ಇರುವುದಿಲ್ಲ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕ್‌ನಲ್ಲಿ ಎತ್ತಿ, ಜಾಕ್ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇಟ್ಟು, ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಗ್ರೀಸ್ ಒತ್ತಿ. ಕಲ್ಲಿನಂತಿದ್ದ ಹಿಡಿಕೆ ಸಲೀಸಾಗಿ ಇಳಿಯುವುದು ಎಷ್ಟೋ ಸಲ ಆಗ. ಕೆಲವು ಕೈಪಿಡಿಗಳು ಈ ಪಿನ್‌ಗಳಿಗೆ ಯಾವಾಗಲೂ ಭಾರ ಇಳಿಸಿಯೇ ಗ್ರೀಸ್ ಹಾಕಲು ಹೇಳುತ್ತವೆ.

ಪಿಟಿಒ ಶಾಫ್ಟಿನ ಕ್ರಾಸ್‌ನಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಒಂದೇ ನಿಪ್ಪಲ್‌ನಿಂದ ಹೋದ ಗ್ರೀಸ್ ನಾಲ್ಕು ತೋಳುಗಳಿಗೆ ಹಂಚಿಹೋಗಿ, ನಾಲ್ಕೂ ಬಟ್ಟಲುಗಳ ಅಂಚಿನಿಂದ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಹಿಡಿಕೆ ಸರಾಗವಾಗಿಯೇ ಇಳಿಯುತ್ತದೆ, ಏನೂ ತೊಂದರೆಯಿಲ್ಲ ಅನ್ನಿಸುತ್ತದೆ. ಆದರೆ ಆ ನಾಲ್ಕನೆಯ ಬಟ್ಟಲಿನ ಸೂಜಿ ಬೇರಿಂಗ್ ಒಣಗಿಯೇ ಓಡುತ್ತಿರುತ್ತದೆ. ಕ್ರಾಸ್ ತುಂಡಾಗುವುದು ಅಲ್ಲಿಂದಲೇ ಶುರುವಾಗುತ್ತದೆ. ಶಾಫ್ಟನ್ನು ಬೇರೆ ಬೇರೆ ಕೋನಕ್ಕೆ ಬಗ್ಗಿಸಿ, ಗ್ರೀಸ್ ಬರದ ಬದಿಯನ್ನು ಅಲುಗಾಡಿಸಿ ಮತ್ತೆ ಒತ್ತಿ ನೋಡಬಹುದು. ಆಗಲೂ ಬರದಿದ್ದರೆ ಬಿಚ್ಚಿ ನೋಡುವುದೇ ದಾರಿ.

ಡೀಸೆಲ್, ಸುತ್ತಿಗೆ, ಬೆಂಕಿ

ಭಾರ ಇಳಿಸಿದರೂ ಗ್ರೀಸ್ ಹೋಗದಿದ್ದರೆ ಒಳಗೆ ನಿಜವಾಗಿಯೂ ಬಿರಡೆ ಕೂತಿದೆ. ನಿಪ್ಪಲ್ ಬಿಚ್ಚಿದ ರಂಧ್ರದಲ್ಲಿ ತೆಳ್ಳನೆಯ ತಂತಿಯಿಂದ, ಅಥವಾ ಕೈಯಲ್ಲೇ ತಿರುಗಿಸಿದ ಸಣ್ಣ ಡ್ರಿಲ್ ಬಿಟ್‌ನಿಂದ ಸಿಕ್ಕಷ್ಟನ್ನು ಕೆರೆದು ತೆಗೆಯಿರಿ. ಆಮೇಲೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ತುಂಬಿ ರಾತ್ರಿಯಿಡೀ ಬಿಡಿ. ಪೆಟ್ರೋಲ್ ಬೇಡ, ಅದರ ಆವಿಗೆ ಕಿಡಿ ಸಾಕು. ಬೆಳಗ್ಗೆ ಕೀಲನ್ನು ಅಲುಗಾಡಿಸಿ, ನಿಪ್ಪಲ್ ಹಾಕಿ, ನಿಧಾನಕ್ಕೆ ಒತ್ತಿ. ದಾರಿ ಬಿಟ್ಟ ಮೇಲೆ ಮೊದಲು ಕಪ್ಪು ನೀರಿನಂಥದ್ದು ಬರುತ್ತದೆ. ಶುದ್ಧ ಗ್ರೀಸ್ ಬರುವವರೆಗೂ ಒತ್ತುತ್ತಿರಬೇಕು, ಇಲ್ಲವಾದರೆ ಒಳಗುಳಿದ ಡೀಸೆಲ್ ಹೊಸ ಗ್ರೀಸನ್ನೂ ತೆಳುವಾಗಿಸುತ್ತದೆ.

ಸುತ್ತಿಗೆಯ ಸಲಹೆಯಲ್ಲಿ ಅರ್ಧ ಸತ್ಯವಿದೆ. ನಿಪ್ಪಲ್ ಮೇಲೆ ಹೊಡೆದರೆ ಅದು ಮುರಿಯುತ್ತದೆ, ಮರೆಯ ಭಾಗ ಒಳಗೇ ಉಳಿದು ಇನ್ನೊಂದು ತಲೆನೋವು. ಆದರೆ ಒಳಗೆ ತೆಳು ಎಣ್ಣೆ ತುಂಬಿ, ನಿಪ್ಪಲ್‌ಗೆ ಕೂರಿಸಿ, ಮೇಲಿನ ಕಡ್ಡಿಗೆ ಸುತ್ತಿಗೆಯಿಂದ ಹೊಡೆಯುವ ಸಣ್ಣ ಉಪಕರಣವೊಂದಿದೆ. ಹೊಡೆತಕ್ಕೆ ಎಣ್ಣೆ ನುಗ್ಗಿ ಬಿರಡೆಯನ್ನು ಮೆತ್ತಗೆ ಮಾಡುತ್ತದೆ. ಕೆಲಸ ಮಾಡುತ್ತದೆ ನಿಜ. ಆದರೆ ತೆಳು ಎಣ್ಣೆ ಗ್ರೀಸಿಗಿಂತ ಸುಲಭವಾಗಿ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ, ಕೈ ಜಾಗ ನೋಡದೆ ಬಳಸುವ ವಸ್ತು ಅದಲ್ಲ.

ಬೆಂಕಿಯ ವಿಷಯದಲ್ಲಿ ಅರ್ಧ ಸತ್ಯವೂ ಇಲ್ಲ ಎನ್ನಬೇಕು. ಸಾಧಾರಣ ಲಿಥಿಯಂ ಗ್ರೀಸ್ ಕರಗಿ ತೊಟ್ಟಿಕ್ಕಲು 180 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಪಕ್ಕದಲ್ಲೇ ಇರುವ ರಬ್ಬರ್ ಸೀಲ್ ಸಾಮಾನ್ಯವಾಗಿ 100ರಿಂದ 120 ಡಿಗ್ರಿ ದಾಟಿದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗ್ರೀಸ್ ಕರಗುವ ಹೊತ್ತಿಗೆ ಸೀಲ್ ಸತ್ತಿರುತ್ತದೆ, ನಾಳೆಯಿಂದ ಕೆಸರಿಗೆ ಬಾಗಿಲು ತೆರೆದಂತೆ. ಅಲ್ಲದೆ ಆಗಲೇ ಸುಟ್ಟು ಗಟ್ಟಿಯಾದ ಹಳೆ ಗ್ರೀಸ್ ಬಿಸಿಗೆ ಮತ್ತೆ ಮೆತ್ತಗಾಗುವುದಿಲ್ಲ, ಇನ್ನಷ್ಟು ಮಸಿಯಾಗುತ್ತದೆ. ಮುಚ್ಚಿದ ಜಾಗದಲ್ಲಿ ಬಿಸಿಯಾದ ಎಣ್ಣೆ ಹಿಗ್ಗಿ ನಿಪ್ಪಲ್ಲನ್ನೇ ಹಾರಿಸಬಹುದು, ಹೊತ್ತಿಕೊಳ್ಳಲೂಬಹುದು.

ಯಾರ ಯಂತ್ರ, ಯಾರ ಗ್ರೀಸ್?

ಇಷ್ಟೆಲ್ಲ ಆಗುವುದು ಗ್ರೀಸ್ ಹಾಕುವ ದಿನ ತಪ್ಪಿದಾಗ. ಬಹುತೇಕ ಕೈಪಿಡಿಗಳು ಪಿಟಿಒ ಕ್ರಾಸ್‌ಗೆ ಕೆಲಸದ ದಿನಗಳಲ್ಲಿ ಪ್ರತಿದಿನವೂ, ಅಂದರೆ 8ರಿಂದ 10 ಗಂಟೆಗೊಮ್ಮೆ, ಗ್ರೀಸ್ ಕೇಳುತ್ತವೆ. ಟ್ರ್ಯಾಕ್ಟರಿನ ಇತರ ನಿಪ್ಪಲ್‌ಗಳಲ್ಲಿ ಹಲವಕ್ಕೆ 50 ಗಂಟೆಗೊಮ್ಮೆ ಸಾಕು, ಕೆಸರಿನಲ್ಲಿ ಓಡಿಸಿದರೆ ಅವಕ್ಕೂ ದಿನಾ ಬೇಕು. ಸ್ವಂತ ಯಂತ್ರವಿದ್ದವರು ಇದನ್ನು ಮರೆತರೂ ಮುಂದಿನ ವಾರ ನೆನಪಾಗುತ್ತದೆ. ಬಾಡಿಗೆ ಯಂತ್ರಕ್ಕೆ ಆ ನೆನಪು ಯಾರದ್ದು? ಇವತ್ತು ಸಣ್ಣ ರೈತರಲ್ಲಿ ಬಹಳಷ್ಟು ಮಂದಿ ರೋಟವೇಟರ್ ಬಳಸುವುದು ಬಾಡಿಗೆಗೆ, ಊರಿನ ಟ್ರ್ಯಾಕ್ಟರ್ ಮಾಲೀಕರಿಂದಲೋ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದಲೋ. ಹಂಗಾಮಿನಲ್ಲಿ ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ. ಗಂಟೆಗೆ ಇಷ್ಟು ಎಂದು ದುಡ್ಡು ಕೊಡುವ ರೈತ ಗ್ರೀಸ್‌ಗೆಂದು ಹತ್ತು ನಿಮಿಷ ನಿಲ್ಲಿಸಲು ಒಪ್ಪುವುದಿಲ್ಲ. ಎಕರೆ ಲೆಕ್ಕದಲ್ಲಿ ಓಡಿಸುವ ಡ್ರೈವರಿಗೆ ಆ ಹತ್ತು ನಿಮಿಷ ನಷ್ಟ. ಮಾಲೀಕರು ಅಲ್ಲಿರುವುದಿಲ್ಲ. ಹೀಗೆ ಮೂವರ ಮಧ್ಯೆ ನಿಪ್ಪಲ್ ಒಣಗುತ್ತದೆ. ಕೊನೆಗೆ ಕ್ರಾಸ್ ಮುರಿಯುವುದು ಯಾರದೋ ಹೊಲದ ಮಧ್ಯೆ, ಹದ ಸಿಕ್ಕ ದಿನವೇ.

ನನ್ನ ಪ್ರಕಾರ ಇದನ್ನು ‘ಡ್ರೈವರ್ ಸೋಮಾರಿ’ ಎಂದು ಮುಗಿಸುವುದು ಸರಿಯಲ್ಲ. ಆ ಹತ್ತು ನಿಮಿಷಕ್ಕೆ ಯಾರೂ ಕೂಲಿ ಕೊಡುತ್ತಿಲ್ಲ ಎನ್ನುವುದೇ ಮೂಲ ತೊಂದರೆ. ಬಾಡಿಗೆ ಕೊಡುವವರು ಬೆಳಗಿನ ಗ್ರೀಸ್ ಸಮಯವನ್ನು ಕೆಲಸದ ಗಂಟೆಯೊಳಗೇ ಲೆಕ್ಕ ಹಾಕಿ, ಗನ್ನು ಮತ್ತು ಒಂದು ಒರೆಸುವ ಬಟ್ಟೆಯನ್ನು ಯಂತ್ರದ ಜೊತೆಗೇ ಕಳಿಸಿದರೆ ಅರ್ಧ ಕೆಲಸ ಆದಂತೆ. ಬಾಡಿಗೆಗೆ ಪಡೆಯುವವರೂ ಯಂತ್ರ ಹೊಲಕ್ಕೆ ಇಳಿಯುವ ಮುನ್ನ ಕ್ರಾಸ್ ಕಡೆ ಒಮ್ಮೆ ಕಣ್ಣು ಹಾಯಿಸಬಹುದು. ನಾಲ್ಕೂ ಬಟ್ಟಲುಗಳ ಅಂಚಿನಲ್ಲಿ ಹಸಿ ಗ್ರೀಸಿನ ಉಂಗುರ ಕಾಣಬೇಕು. ಅಲ್ಲಿ ಒಣ ಮಣ್ಣಿನ ಜೊತೆ ಕೆಂಪಗಿನ ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಸವೆಯುತ್ತಿದೆ ಎಂದು ಅರ್ಥ. ಅದಕ್ಕೆ ಗ್ರೀಸ್ ಹಾಕಿ ಪ್ರಯೋಜನವಿಲ್ಲ, ಕ್ರಾಸ್ ಬದಲಿಸಬೇಕು.

ಹಂಗಾಮು ಮುಗಿದ ಮೇಲೆ ಹೆಚ್ಚಿನವರು ಯಂತ್ರವನ್ನು ಜೋರು ನೀರಿನಲ್ಲಿ ತೊಳೆದು ನಿಲ್ಲಿಸುತ್ತಾರೆ. ಆ ನೀರು ಸೀಲ್ ದಾಟಿ ಒಳಗೂ ಹೋಗಿರುತ್ತದೆ. ತೊಳೆದು ಒಣಗಿದ ಮೇಲೆ ಎಲ್ಲ ನಿಪ್ಪಲ್‌ಗಳಿಗೆ ಗ್ರೀಸ್ ಒತ್ತಿ ಆ ನೀರನ್ನು ಹೊರಗೆ ತಳ್ಳಬೇಕು. ಮತ್ತೆ ಬಣ್ಣ ಹೊಡೆಸುವುದಿದ್ದರೆ ನಿಪ್ಪಲ್ ತಲೆಗಳಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ಅಥವಾ ಟೇಪ್ ಸುತ್ತಿ. ಒಣಗಿದ ಬಣ್ಣದ ಪದರವೂ ಗುಂಡನ್ನು ಅಂಟಿಸಿಬಿಡುತ್ತದೆ.